ಹನ್ನೆರಡು ಗುಂಡುಸೂಜಿ

ಫ್ಯಾನಿನ ಗಾಳಿಗೆ ಗೋಡೆಯ ನಕ್ಷೆಯ ಮೂಲೆ ಪಟಪಟ ಬಡಿದುಕೊಳ್ಳುತ್ತಿದೆ, ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನ ಕೈಯಾಗ ತಲಿ ಕೆಲಸ ಕೊಟ್ರ ಹಿಂಗೇ ಆಗೂದು, ಇಡೀ ದಿನಾ ಹಾಳು ಮಾಡಿದ ನೋಡ್ರಿ ಮಗಾ, ಸಾಹೇಬ ಗುರುಲಿಂಗಯ್ಯ ಇಡೀ ಠಾಣೆಯ ಮುಂದೆ ಅಂದುಬಿಟ್ಟ, ಬಾಗಿಲ ಬೆಂಚಿನ ಮೇಲೆ ಕೂತ ನರಸಪ್ಪನ ಮುಂದೆಯೂ, ಬೆಳಿಗ್ಗೆ ವಾಡಿ ಜಂಕ್ಷನ್ನಿನಲ್ಲಿ ಏಳು ವರ್ಷದ ಮಗಳನ್ನು ಕಳಕೊಂಡು ಬಂದವನು ಆತ, ಪೇದೆ ಭೀಮು ನಗುತ್ತಾನೆ, ಚಿಂಚೋಳಿ ಅಡವಿ ಎಲ್ಲಾ ತಿರುಗಿಸಿದಿ ಬಿಡಪಾ ಮಹೇಶಾ, ಬುತ್ತಿನರ ಕಟಗೊಂಡು ಹೋಗಬೇಕಿತ್ತು, ನಗಲಿ, ನಗಲಿ ಮಕ್ಕಳು — ಮೂರುನೂರಾ ನಲವತ್ತು ಸಂದೇಶ ಓದಿದವ ನಾನು, ಠಾಣೆಯವರು ದಿನಗೂಲಿಗೆ ಫೋನು ನೋಡಲು ಕೂರಿಸಿಕೊಂಡವನು, ಇವರಲ್ಲಿ ಯಾವನು ಓದಿದ, ಹುಡುಗಿಯ ಫೋಟೋ ಗ್ರೂಪುಗಳಿಗೆ ಬಿಟ್ಟ ಗಳಿಗೆಯಿಂದ ಸೇಡಂ, ಚಿತ್ತಾಪುರ, ಎಲ್ಲ ಕಡೆಯಿಂದ ಟಿಣ್ ಟಿಣ್, ಸಂತೆಯಲ್ಲಿ ಕಂಡಳು, ದರ್ಗಾದ ಹತ್ತಿರ ಕಂಡಳು, ದೇವರು ಕಾಪಾಡಲಿ ಅಂತ ಕೈಮುಗಿದ ಚಿತ್ರವೇ ನೂರು, ಎಲ್ಲಿಂದ ಹಿಡಿಯಬೇಕು ಇದನ್ನು, ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಒಂದು ದಾರಿ ಕಂಡುಕೊಂಡೆ, ಸಂದೇಶ ಬಂದ ಒಂದು ನಂಬರಿಗೆ ನಕ್ಷೆಯ ಮೇಲೆ ಒಂದು ಗುಂಡುಸೂಜಿ, ಚಿಂಚೋಳಿ ಪಕ್ಕದ ಚಂದಾಪುರದ ಮೇಲೆ ಹನ್ನೆರಡು ನೆಟ್ಟೆ, ಕೆಂಪು ಲಂಗದ ಹುಡುಗಿ ಯಾವಳೋ ಹೆಂಗಸಿನ ಸಂಗಡ ಬಸ್ಸಿಳಿದಳು, ನಾನೇ ಕಣ್ಣಾರೆ ನೋಡೀನಿ ಅಂತ ಹನ್ನೆರಡೂ ಮಂದಿ ಬರೆದಿದ್ದರು, ಹನ್ನೆರಡು ಜೋಡಿ ಕಣ್ಣು ಸುಳ್ಳಾಡುತ್ತವೆಯೇ, ಹನ್ನೊಂದಕ್ಕೆ ಎರಡೂ ಜೀಪು ಹೊರಟವು, ಈಗ ನಾಲ್ಕು, ಬರಿಗೈಲಿ ತಿರುಗಿ ಬಂದಿವೆ, ಆ ಹೆಂಗಸು ಆ ಹುಡುಗಿಯ ತಾಯಿಯೇ ಅಂತೆ, ಹುಡುಗಿ ಬೇರೆ ಅಂತೆ.

ಆ ಹನ್ನೆರಡು ಮಂದಿಯಲ್ಲಿ ಒಬ್ಬೊಬ್ಬರಿಗೂ ಫೋನು ಹಚ್ಚುತ್ತೇನೆ, ಏನು ನೋಡಿದ್ಯೋ ನೀನು, ನಾ ಎಲ್ಲಿ ನೋಡೀನಣ್ಣಾ, ಮಜೀದಸಾಬ ಹಾಕಿದ್ದ, ಹಂಗೇ ಮುಂದ ಕಳಿಸಿದೆ, ಮತ್ತ ಕಣ್ಣಾರೆ ಅಂತ ಯಾಕ ಬರದಿ, ಹಂಗ ಬರೀಲಿಲ್ಲಂದ್ರ ಯಾರು ನಂಬ್ತಾರಣ್ಣಾ — ಎರಡನೆಯವನೂ ಅದೇ, ಐದನೆಯವನೂ ಅದೇ, ನಮ್ಮ ಕಡೆಯ ಮಂದಿ ಹೀಗೇ, ಕೇಳಿದ್ದನ್ನು ಕೇಳಿದೆ ಅನ್ನಲು ನಾಚಿಕೆ, ಗೊತ್ತಿತ್ತಲ್ಲ ನನಗೆ, ನಾನೂ ಹಾಗೇ ಹೇಳುವವನಲ್ಲವೇ, ಒಬ್ಬ ಮಜೀದಸಾಬನ ಎರಡು ಕಣ್ಣು, ಅವಕ್ಕೆ ನನ್ನ ಹನ್ನೆರಡು ಸೂಜಿ, ಒಂದೂರಿನಿಂದ ಒಂದೇ ಅಂತ ಒಂಟಿಯಾಗಿ ಬಂದ ಸಂದೇಶಗಳನ್ನು ಮತ್ತೆ ತಿರುವುತ್ತೇನೆ, ಸೂಜಿ ದಂಡ ಅಂತ ಬಿಟ್ಟವನ್ನು, ಶಹಾಬಾದಿನ ಪಕ್ಕದ ಭಂಕೂರದ್ದೊಂದು ದನಿ ಸಂದೇಶ, ಬರೀ ಕಲ್ಲು ಕೊಯ್ಯುವ ಮಷೀನಿನ ಕಿರುಚಾಟ, ಆಗ ಅರ್ಧಕ್ಕೇ ಬಂದ್ ಮಾಡಿದ್ದೆ, ಈಗ ಕಿವಿಗೊತ್ತಿ ಪೂರಾ ಕೇಳುತ್ತೇನೆ, ನಾ ಮುಸರತ ಮಾತಾಡಾಕತ್ತೀನ್ರಿ, ಒಂದು ಕೂಸು ಒಬ್ಬಂಟಿ ಹಳೇ ಕಲ್ಲಿನ ಖಣಿ ಕಡೆ ಹೊಂಟದರಿ, ಕರದ್ರ ಓಡ್ತದ, ಕೈಯಾಗ ಅರ್ಧ ಕಡದ ಸೌತೆಕಾಯಿ ಅದ, ಯಾರರ ಲಗೂ ಬರ್ರಿ — ಸೌತೆಕಾಯಿ, ನರಸಪ್ಪ ಬೆಳಿಗ್ಗೆ ಅತ್ತು ಹೇಳಿದ್ದು ಅದೇ, ಖಾರಾ ಹಚ್ಚಿದ ಸೌತೆಕಾಯಿ ಕೊಡಿಸಿ ಕುಂದ್ರಿಸಿದ್ದೆರಿ, ನೀರಡಿಸ್ತದಂತ ನೀರು ತರಾಕ ಹೋದೆ, ಬರೂದ್ರಾಗ ಇಲ್ಲ, ಶಹಾಬಾದಿನ ಕಡೆಯ ರೈಲು ಹತ್ತಿರಬೇಕು ಕೂಸು, ಫೋಟೋದಲ್ಲಿ ಕೆಂಪು ಲಂಗ ಇತ್ತು, ಸೌತೆಕಾಯಿ ಇರಲಿಲ್ಲ, ಕಾಣದೆ ಯಾರೂ ಹೇಳುವ ಮಾತಲ್ಲ ಅದು.

ಫೋನಿನ ದನಿ ಜೋರು ಮಾಡಿ ಸಾಹೇಬನ ಮೇಜಿನ ಮೇಲಿಡುತ್ತೇನೆ, ಮುಸರತ ಮತ್ತೆ ಹೇಳುತ್ತಾಳೆ, ಭೀಮುವಿನ ನಗು ನಿಂತಿತು, ಗಾಡಿ ತಗೀರಿ ಭಂಕೂರಿಗೆ, ಸಾಹೇಬ ಎದ್ದೇಬಿಟ್ಟ, ನರಸಪ್ಪ ಬಂದು ನನ್ನ ಮೊಳಕೈ ಹಿಡಿದಿದ್ದಾನೆ, ತಮ್ಮಾ, ಇದು ಯಾವಾಗ ಬಂದಿತ್ತಪಾ, ಈಗ ಬಂತೇನು — ಪರದೆಯ ಮೇಲಿದೆ, ಅವನಿಗೆ ಓದಲು ಬರುವುದಿಲ್ಲ, ಹತ್ತೂವರೆ, ಜೀಪು ಹೊರಡುವ ಅರ್ಧ ತಾಸು ಮೊದಲು, ಭಂಕೂರು ಇಲ್ಲಿಂದ ಜೀಪಿನಲ್ಲಿ ಹತ್ತು ನಿಮಿಷದ ಹಾದಿ, ಕೈ ಬಿಡಿಸಿಕೊಳ್ಳುತ್ತೇನೆ, ಮೆಟ್ಟಿಲಿಳಿಯುತ್ತೇನೆ, ಹಿಂದಿನಿಂದ ಮತ್ತೆ, ತಮ್ಮಾ, ಯಾವಾಗ, ಬಿಸಿಲು, ಗೇಟು, ಐದೂವರೆ ತಾಸು, ಸೌತೆಕಾಯಿ ಯಾವಾಗಲೋ ಮುಗಿದಿರುತ್ತದೆ, ಖಾರಕ್ಕೆ ನೀರಡಿಸಿರುತ್ತದೆ ಕೂಸಿಗೆ, ಹಳೇ ಖಣಿಯ ತುಂಬ ನೀರು, ಇಲ್ಲ, ಇನ್ನೂ ಕೂಸಿನ ಕೈಯಲ್ಲೇ ಇದೆ, ಅರ್ಧ ಸೌತೆಕಾಯಿ, ಅದರ ಮೇಲೆ ಸಣ್ಣ ಹಲ್ಲಿನ ಗುರುತು, ಸಣ್ಣ ಹಲ್ಲಿನ