ಒಂಬತ್ತು ಸಾವಿರ ಕಿಲೋಮೀಟರು, ಐವತ್ತೆಂಟು ನಿಮಿಷ

ನಮ್ಮ ಬೀದಿಯ ವಿಮಾನ ಟಿಕೆಟ್ ಅಂಗಡಿಯ ಗುಮಾಸ್ತರು ತಮ್ಮ ಮೇಜಿನಿಂದ ನೀರಿನ ಹೂಜಿಯವರೆಗಿನ ಹನ್ನೆರಡು ಹೆಜ್ಜೆಗಳನ್ನು ಕೂಡ, ಕಾಣದ ಪೆಟ್ಟಿಗೆಯೊಂದನ್ನು ಎಳೆಯುತ್ತಿರುವವರಂತೆ ಬಲಭುಜವನ್ನು ಕೊಂಚ ವಾಲಿಸಿ, ತುಟಿಯಲ್ಲೇ ಎಣಿಸುತ್ತ ನಡೆಯುತ್ತಿದ್ದರು. ಸ್ಟೂಲು ಹತ್ತಿದರೂ ತಲೆ ಸುತ್ತುವ ಈ ಮಹಾನುಭಾವರು ಜನ್ಮದಲ್ಲಿ ವಿಮಾನ ಏರಿದವರಲ್ಲ. ಆದರೂ ಭೂಮಂಡಲದ ಯಾವ ಎರಡು ನಿಲ್ದಾಣಗಳ ಹೆಸರು ಹೇಳಿದರೂ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಕಣ್ಮುಚ್ಚಿ ಹೇಳಿ, "ಇದು ವಿಮಾನದ ಲೆಕ್ಕ. ನಿಮ್ಮ ಲೆಕ್ಕ ಬೇರೆ" ಎಂದು ಮಾಸಿದ ಕಂದು ಕೋಟಿನ ಜೇಬಿಗೆ ಕೈ ಹಾಕುತ್ತಿದ್ದರು.

ಜೇಬಿನ ತುಂಬ ಚೀಟಿಗಳು. ಪ್ರಯಾಣ ಮುಗಿಸಿ ಬಂದವರನ್ನು ಕರೆದು ಕೂರಿಸಿ, ಒಂದು ವಿಮಾನ ಇಳಿದು ಇನ್ನೊಂದನ್ನು ಹತ್ತಲು ಎಷ್ಟು ನಡೆದಿರಿ, ಎಲ್ಲೆಲ್ಲಿ ಸಾಲು ನಿಂತಿರಿ ಎಂದು ಪ್ರಾಣ ಹಿಂಡಿ, ಗಟ್ಟಿಕಾಲಿನವರಿಗೊಂದು, ಮಂಡಿನೋವಿನವರಿಗೊಂದು ಎಂದು ಎರಡೆರಡು ಅಂಕಿ ಬರೆದಿಟ್ಟುಕೊಳ್ಳುತ್ತಿದ್ದರು. ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು. ನಾನಂತೂ ತುಸು ಹೆಚ್ಚೇ ನಕ್ಕಿದ್ದೇನೆ.

ಪರದೇಶದ ಆಸ್ಪತ್ರೆಯಲ್ಲಿದ್ದ ಅಕ್ಕನನ್ನು ಇಪ್ಪತ್ತೇಳು ಗಂಟೆಗಳಲ್ಲಿ ಹೃದಯದ ಶಸ್ತ್ರಕ್ರಿಯೆಗೆ ಒಯ್ಯುತ್ತಾರೆ, ಅದಕ್ಕೆ ಮೊದಲು ನಿನ್ನ ಮುಖ ನೋಡಬೇಕಂತೆ ಎಂದು ಭಾವ ಫೋನು ಮಾಡಿದ ದಿನ, ನಾನು ಓಡಿದ್ದು ಅವರಲ್ಲಿಗೇ. ಹತ್ತಿರದ ದಾರಿ ಒಂಬತ್ತು ಸಾವಿರ ಕಿಲೋಮೀಟರು. ನಡುವೆ ಐವತ್ತು ನಿಮಿಷದಲ್ಲಿ ವಿಮಾನ ಬದಲಿಸಿದರೆ ಹದಿನಾಲ್ಕೇ ಗಂಟೆ. ಅದು ಬೇಡವೆಂದು ಅವರು ಹನ್ನೆರಡು ಸಾವಿರ ಕಿಲೋಮೀಟರು ಸುತ್ತಿ ಹತ್ತೊಂಬತ್ತು ಗಂಟೆ ಹಿಡಿಯುವ ದಾರಿ ತೋರಿಸಿದಾಗ ನನ್ನ ಪಿತ್ತ ನೆತ್ತಿಗೇರಿತು.

"ತಮಾಷೆ ಮಾಡ್ತಿದ್ದೀರಾ? ಅಲ್ಲಿ ನಮ್ಮಕ್ಕ ಕಾಯ್ತಿದ್ದಾಳೆ!"

"ಅದಕ್ಕೇ ಹೇಳ್ತಿರೋದು. ಆ ನಡುವಿನ ಊರಲ್ಲಿ ಇಳಿದ್ರೆ ಬಸ್ಸು, ಆಮೇಲೆ ತಪಾಸಣೆ, ಆಮೇಲೆ ಮುಗಿಯದ ಓಣಿ. ಐವತ್ತೆಂಟು ನಿಮಿಷ ಬೇಕು, ಅದೂ ಓಡಿದ್ರೆ. ನೀವು ಓಡೋ ಪೈಕಿ ಅಲ್ಲ ಸ್ವಾಮಿ."

ಬೈದುಕೊಂಡೇ ಅವರು ಹೇಳಿದ ಸುತ್ತಿನ ದಾರಿಯ ಟಿಕೆಟ್ ಕೊಂಡು ಹೊರಟೆ. ನಮ್ಮ ಊರಿನಲ್ಲೇ ಇದ್ದ ಭಾವನ ತಮ್ಮ ಮೊಬೈಲಿನಲ್ಲಿ ತಾನೇ ಟಿಕೆಟ್ ಮಾಡಿಕೊಂಡು, ನನ್ನ ದಡ್ಡತನಕ್ಕೆ ಲೊಚಗುಟ್ಟಿ, ಹತ್ತಿರದ ದಾರಿ ಹಿಡಿದ.

ನಾನು ಆಸ್ಪತ್ರೆ ತಲುಪಿದಾಗ ಒಂದು ಗಂಟೆ ಉಳಿದಿತ್ತು. "ಬಂದ್ಯಾ ಕತ್ತೆ? ಗಡ್ಡನಾದ್ರೂ ತೆಗೀಬಾರ್ದಿತ್ತಾ?" ಎಂದು ಅಕ್ಕ ಕೆನ್ನೆ ಸವರಿದಳು. ಗಂಟೆಯುದ್ದಕ್ಕೂ ಅಪ್ಪನ ಗೊರಕೆ, ನಾನು ಒಡೆದ ಕನ್ನಡಿ, ಇಂಥವನ್ನೇ ಮಾತಾಡಿ ನಕ್ಕೆವು. ಒಳಗೆ ಹೋದವಳು ಮತ್ತೆ ಕಣ್ಣು ತೆರೆಯಲಿಲ್ಲ. ನಡುವಿನ ನಿಲ್ದಾಣದಲ್ಲಿ ವಿಮಾನ ತಪ್ಪಿಸಿಕೊಂಡ ಭಾವನ ತಮ್ಮ ಮರುದಿನ ಬಂದು, ಅತ್ತಿಗೆಯ ಕಾಲು ಹಿಡಿದು ಗೋಳಾಡಿದ.

ಹಿಂತಿರುಗಿ ಗುಮಾಸ್ತರಿಗೆ ಎಲ್ಲವನ್ನೂ ಹೇಳಿದೆ. ಎಂದಿನ ಪ್ರಶ್ನೆಗಳನ್ನು ಅವರು ಕೇಳಲಿಲ್ಲ.

"ಮಾತಾಡಿದ್ರಾ?"

"ಒಂದು ಗಂಟೆ."

"ಸದ್ಯ," ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಮೇಜಿಗೆ ತಲೆಯಾನಿಸಿ ನಾನು ಮೊದಲ ಬಾರಿಗೆ ಮನಸಾರೆ ಅತ್ತೆ.

ತಾವು ಕೂತಲ್ಲಿಂದ ಕದಲದೆ, ಗುರುತು ಪರಿಚಯವಿಲ್ಲದವರ ಮಂಡಿನೋವನ್ನು ವರ್ಷಗಟ್ಟಲೆ ತಮ್ಮದೆಂಬಂತೆ ಎಣಿಸುತ್ತ ಕೂರುವ ಇಂಥವರು ಎಲ್ಲೋ ಒಬ್ಬೊಬ್ಬರು ಇರುತ್ತಾರೆ. ನಾವು ಅವರನ್ನು ಹುಚ್ಚರೆಂದು ನಗುತ್ತೇವೆ. ಆಮೇಲೊಂದು ದಿನ ನಮ್ಮವರ ಕಡೆಯ ಗಂಟೆಯನ್ನು ಅವರ ಕೈಯಿಂದಲೇ ಪಡೆದು, ಅವರ ಮೇಜಿನೆದುರಿಗೇ ಹಿಂತಿರುಗಿ ಬರುತ್ತೇವೆ.