ಒಂಬತ್ತು ಸೆಕೆಂಡು

“ಅಲೋ... ರಂಗನಾಯಕಮ್ಮೋರಾ? ನಾನು ಅಳೇಕೋಟೆ ಗುರುಸಿದ್ದಮ್ಮ. ಚೆನ್ನಾಗಿದ್ದೀರಾ?”

ಟಕ್ ಎಂದಿತು ಸ್ಪೀಕರು. ಅಲ್ಲಿಗೆ ಮುಗಿಯಿತು.

ಸ್ನೇಹಲತಾ ಮುಂದಿನ ಗುಂಡಿ ಒತ್ತಿದಳು. ಈ ಸಲ ಗಂಡಸಿನ ದನಿ. ಹಳ್ಳಿಮೈಸೂರು ಎಂದಿತು, ಎಲ್ಲಾ ಸೌಖ್ಯವೇ ಎಂದು ಕೇಳಿತು, ಅದೂ ಟಕ್. ಮೂರನೆಯದೂ ಹಾಗೇ, ನಾಲ್ಕನೆಯದೂ ಹಾಗೇ. ಹೊಳೆದಂಡೆ ಡೈರಿಯ ಹೊಳೆನರಸೀಪುರದ ಕಚೇರಿಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಹನ್ನೊಂದು ಜನರ ಕ್ಷೇಮಸಮಾಚಾರದ ಪ್ರಶ್ನೆಗಳು ಸಾಲಾಗಿ ಕೇಳಿಬಂದವು. ಯಾರ ಹಸುವಿಗೆ ಏನಾಗಿದೆ ಎಂಬುದು ಒಂದರಲ್ಲೂ ಇರಲಿಲ್ಲ.

ಮ್ಯಾನೇಜರ್ ಚನ್ನಪ್ಪ ಕೈಕಟ್ಟಿಕೊಂಡು ಮೇಜಿಗೆ ಒರಗಿ ನಿಂತಿದ್ದರು. “ಏನಮ್ಮಾ ಮೇಡಂ, ನಿನ್ನೆ ಮಿಷಿನ್ ಕೂರಿಸುವಾಗ ಏನೋ ಹೇಳಿದ್ರಿ? ಇನ್ಮೇಲೆ ಒಂದು ಫೋನೂ ತಪ್ಪೋದಿಲ್ಲ ಅಂತ. ಸರಿ, ತಪ್ಪಿಲ್ಲ ಬಿಡಿ. ನಾವು ಚೆನ್ನಾಗಿದ್ದೀವಾ ಅಂತ ಹನ್ನೊಂದು ಜನ ಕೇಳವ್ರೆ.”

ಪಶುವೈದ್ಯರು ಜೀಪಿನ ಕೀಲಿಯನ್ನು ಬೆರಳಿಗೆ ಸುತ್ತುತ್ತಾ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಬೇಕಾದದ್ದು ಒಂದು ಪಟ್ಟಿ. ಯಾವ ಊರಲ್ಲಿ ಯಾರ ಮನೆಯ ಹಸು ಬೆದೆಗೆ ಬಂದಿದೆ, ಯಾವುದಕ್ಕೆ ಕೆಚ್ಚಲು ಬಾವು, ಯಾವುದಕ್ಕೆ ಕರು ಹಾಕಿದ ಮೇಲೆ ಕಸ, ಅಂದರೆ ಮಾಸು, ಬಿದ್ದಿಲ್ಲ, ಇಷ್ಟು. ರೈತರು ಹಾಲು ಕರೆಯುವ ಹೊತ್ತಿಗೆ, ಐದೂವರೆ ಆರಕ್ಕೆ ಫೋನ್ ಮಾಡುತ್ತಾರೆ. ಕಚೇರಿ ತೆರೆಯುವುದು ಎಂಟಕ್ಕೆ. ಬೆದೆಗೆ ಬಂದ ಹಸುವಿಗೆ ಆ ದಿನವೇ ಗರ್ಭ ಕಟ್ಟಿಸುವ ಇಂಜೆಕ್ಷನ್ ಆಗದಿದ್ದರೆ ಮತ್ತೆ ಮೂರು ವಾರ ಕಾಯಬೇಕು. ಅದಕ್ಕೆಂದೇ ಈ ಇಂಟರ್‌ಕಾಮ್ ಎಕ್ಸ್‌ಚೇಂಜ್ ಪೆಟ್ಟಿಗೆ, ಅದರೊಳಗೆ ವಾಯ್ಸ್‌ಮೇಲ್ ಕಾರ್ಡು. ಯಾರೂ ಇಲ್ಲದ ಹೊತ್ತಿನಲ್ಲಿ ಅದೇ ಫೋನ್ ಎತ್ತಿ, ಹೇಳಿದ್ದನ್ನು ಹಿಡಿದಿಟ್ಟುಕೊಳ್ಳಬೇಕು.

“ಹಳ್ಳಿಮೈಸೂರು ಕಡೆಯಿಂದ ಶುರು ಮಾಡ್ತೀನಿ. ಸಿಕ್ಕಿದ್ದು ಸಿಕ್ತು,” ಎಂದು ವೈದ್ಯರು ಹೊರಟುಹೋದರು.

ಜೀಪಿನ ಸದ್ದು ನಿಂತ ಮೇಲೆ ಚನ್ನಪ್ಪ ಹೇಳಿದರು: “ನಾಳೆ ಎಂಟಕ್ಕೆ ಡಾಕ್ಟ್ರ ಕೈಲಿ ಪಟ್ಟಿ ಇರಬೇಕು. ಇಲ್ಲಾಂದ್ರೆ ಪೆಟ್ಟಿಗೆ ಬಿಚ್ಕಂಡು ಓಗ್ತಾ ಇರಿ. ಹೆಣ್ಣುಮಕ್ಳ ಕೈಲಿ ಆಗೋ ಕೆಲಸನಾ ಇದು ಅಂತ ಮೊದಲೇ ಕೇಳಿದ್ದೆ ನಿಮ್ಮ ಅಂಗಡಿ ಯಜಮಾನರನ್ನ.”

ಸ್ನೇಹಲತಾ ಹಾಸನದ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಪಟ್ಟಾಭಿರಾಮ ಅವರ ಟೆಲಿಫೋನ್ ಅಂಗಡಿಯ ಕೌಂಟರಿನಲ್ಲಿ ಎರಡು ವರ್ಷ ಕೂತು ಫೋನು ಮಾರಿದ್ದಳು. ಬಣ್ಣ ಯಾವುದಿದೆ ಎಂದು ಕೇಳಿದವರಿಗೆ ಬಣ್ಣ ತೋರಿಸಿದ್ದಳು. ಒಬ್ಬಳೇ ಹೋಗಿ ಎಕ್ಸ್‌ಚೇಂಜ್ ಕೂರಿಸಿ ಬರುವ ಕೆಲಸ ಸಿಕ್ಕಿದ್ದು ಇದೇ ಮೊದಲು. ಅದೂ ಯಾವಾಗಲೂ ಈ ಕೆಲಸಕ್ಕೆ ಹೋಗುವ ವಿಶ್ವಾಸ್ ತನ್ನ ಅಕ್ಕನ ಮದುವೆಗೆ ರಜ ಹಾಕಿದ್ದರಿಂದ. ಇದು ಕೆಟ್ಟರೆ ಮತ್ತೆ ಕೌಂಟರು. ಆಮೇಲೆ ಇನ್ನೊಂದು ಅವಕಾಶ ಬರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೊದಲು ಪೆಟ್ಟಿಗೆ ಬಿಚ್ಚಿದಳು. ಕಾರ್ಡು ಎಳೆದು, ಒರೆಸಿ, ಮತ್ತೆ ಕೂರಿಸಿದಳು. ಹೊರಗಿನಿಂದ ಬರುವ ಎರಡೂ ಲೈನುಗಳನ್ನು ಪರೀಕ್ಷಿಸಿದಳು. ಎದುರಿನ ಮೆಡಿಕಲ್ ಶಾಪಿಗೆ ಹೋಗಿ, ಅಲ್ಲಿಂದ ಕಚೇರಿಗೆ ಫೋನ್ ಮಾಡಿ, ಬೀಪ್ ಆದ ಮೇಲೆ ತನ್ನ ಹೆಸರು, ಊರು ಸಾಲಗಾಮೆ, ಹಸುವಿಗೆ ಮೇವು ಸೇರುತ್ತಿಲ್ಲ, ಹೊಟ್ಟೆ ಉಬ್ಬರಿಸಿದೆ ಎಂದು ಮುಕ್ಕಾಲು ನಿಮಿಷ ಮಾತಾಡಿದಳು. ಬಂದು ಕೇಳಿದರೆ ಅಷ್ಟೂ ಇತ್ತು. ಇನ್ನೆರಡು ಸಲ ಮಾಡಿದಳು. ಅವೂ ಸರಿಯಾಗಿದ್ದವು.

ಹಾಸನಕ್ಕೆ ಫೋನ್ ಮಾಡಿದಳು. ಪಟ್ಟಾಭಿರಾಮ ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರ ಪ್ರಕಾರ ಲೋಕದಲ್ಲಿ ಕೆಡುವುದು ಎರಡೇ, ಕೇಬಲ್ಲು ಮತ್ತು ಕಾರ್ಡು.

“ಕಾರ್ಡು ಹೋಗಿರುತ್ತಮ್ಮ. ಬಿಚ್ಕೊಂಡು ಬಾ. ನಾಡಿದ್ದು ವಿಶ್ವಾಸ್ ಬರ್ತಾನೆ, ಅವನು ನೋಡ್ತಾನೆ.”

“ನಾನು ಮಾತಾಡಿದ್ದೆಲ್ಲ ಸರಿಯಾಗಿ ರೆಕಾರ್ಡ್ ಆಗ್ತಿದೆ ಸಾರ್. ಹಳ್ಳಿಯವರು ಮಾತಾಡಿದ್ದು ಮಾತ್ರ ಕಟ್ಟಾಗ್ತಿದೆ.”

“ಹಾಗಾದ್ರೆ ಅವರಿಗೆ ಮಾತಾಡೋಕೆ ಬರಲ್ಲ.”

ಅವಳು ಫೋನಿಟ್ಟಳು. ಅವಳ ಅಪ್ಪ ಅವ್ವ ಸಾಲಗಾಮೆಯಲ್ಲಿ ಹೊಲ ಉಳುವವರು. ಅವರಿಗೆ ಮಾತಾಡಲು ಬರುವುದಿಲ್ಲ ಎಂದು ಇದುವರೆಗೆ ಯಾರೂ ದೂರಿರಲಿಲ್ಲ, ಜಾಸ್ತಿ ಮಾತಾಡುತ್ತಾರೆ ಎಂದೇ ದೂರು.

ಫೋನಿನ ಮುಂದೆ ಕೂರುವ ರಂಗನಾಯಕಿ ಅಲ್ಲಿಯವರೆಗೆ ಸುಮ್ಮನೆ ಮಲ್ಲಿಗೆ ಕಟ್ಟುತ್ತಿದ್ದವರು ತಲೆಯೆತ್ತಿದರು. ಗುಡಿ ಬೀದಿಯ ಮನೆಯವರು. ಬೀಪಿಗೆ ಮೊದಲು ಕೇಳಿಸುವ ಸೂಚನೆಗೆ ಅವರೇ ದನಿ ಕೊಟ್ಟಿದ್ದರು. “ಗುರುಸಿದ್ದಮ್ಮ ದಿನಾ ಸಣ್ಣಯ್ಯನ ಅಂಗಡಿಯಿಂದ ಫೋನ್ ಮಾಡೋದು. ಹಳೇಕೋಟೆ ಬಸ್ ಸ್ಟ್ಯಾಂಡಲ್ಲೇ ಇದೆ ಅಂಗಡಿ. ಹನ್ನೊಂದೂಕಾಲಿಗೆ ಬಸ್ಸಿದೆ.”

“ನೀವು ಸರಿಯಾಗಿ ಒಂದು ಗಂಟೆಗೆ ನೈಟ್ ಬಟನ್ ಒತ್ತಿಡ್ತೀರಾ ಮೇಡಂ? ಎರಡು ಗಂಟೆವರೆಗೆ ಫೋನ್ ಎತ್ಬೇಡಿ. ಮಿಷಿನ್ನೇ ಎತ್ತಲಿ.”

“ನಂಗೂ ಊಟದ ಹೊತ್ತು. ಎತ್ತಲ್ಲ, ಹೋಗಿ ಬನ್ನಿ,” ಎಂದರು ರಂಗನಾಯಕಿ.

ಸಣ್ಣಯ್ಯನ ಅಂಗಡಿಯಲ್ಲಿ ಬೀಡಿ, ಬೂಂದಿ, ಹಿಂಡಿ ಮೂಟೆ, ಒಂದು ಕೆಂಪು ಫೋನು. ಗುರುಸಿದ್ದಮ್ಮನನ್ನು ಕರೆಸಿಕೊಳ್ಳಬೇಕಾಗಲಿಲ್ಲ. ಡಾಕ್ಟರು ಇನ್ನೂ ಬಂದಿಲ್ಲವೆಂದು ಅವಳೇ ಅಂಗಡಿ ಕಟ್ಟೆಯ ಮೇಲೆ ಸಿಟ್ಟಾಗಿ ಕೂತಿದ್ದಳು. ಐವತ್ತೈದರ ಹೆಂಗಸು, ಕೈಯಲ್ಲಿ ಹುಲ್ಲಿನ ಹಸಿರು ಕಲೆ.

“ರಂಗನಾಯಕಮ್ಮೋರು ನನ್ ಮ್ಯಾಲೆ ಮುನಿಸ್ಕಂಡವ್ರೆ ಕಣವ್ವ. ನಾನೇನ್ ಅಂದ್ನೋ ಕಾಣೆ. ಬಾಯೇ ಬುಡಲ್ಲ, ಫೋನ್ ಮಡಗ್ಬುಡ್ತಾರೆ.”

“ಅದು ಅವರಲ್ಲಮ್ಮ, ಮಿಷಿನ್ನು.”

“ಅವ್ರ ದನಿ ನಂಗೊತ್ತಿಲ್ವಾ?”

“ದನಿ ಅವರದೇ. ಮೊದಲೇ ಹಿಡಿದಿಟ್ಟಿರೋದು. ಟೇಪ್ ರೆಕಾರ್ಡರ್ ಇದ್ದಂಗೆ.”

ಗುರುಸಿದ್ದಮ್ಮ ಸಣ್ಣಯ್ಯನ ಮುಖ ನೋಡಿದಳು. ಸಣ್ಣಯ್ಯ ಭುಜ ಕುಣಿಸಿದ. ಒಂದು ಗಂಟೆ ದಾಟಿತ್ತು. ಸ್ನೇಹಲತಾ ಕೇಳಿಕೊಂಡ ಮೇಲೆ ಆಕೆ ಫೋನ್ ಎತ್ತಿ, ನಂಬರು ಒತ್ತಿ, ಕಿವಿಗಿಟ್ಟುಕೊಂಡು ಸೂಚನೆಯನ್ನು ಪೂರ್ತಿ ಕೇಳಿ ತಲೆದೂಗಿದಳು.

“ಅಲೋ... ನಾನೇ ಕಣ್ರವ್ವ, ಗುರುಸಿದ್ದಮ್ಮ. ಚೆನ್ನಾಗಿದ್ದೀರಾ?”

ಆಮೇಲೆ ಬಾಯಿ ಮುಚ್ಚಿಕೊಂಡು, ಗೋಡೆಯ ಮೇಲಿನ ಸೋಪಿನ ಜಾಹೀರಾತು ನೋಡುತ್ತಾ ಕಾದಳು. ಎದುರಿನವರು ಚೆನ್ನಾಗಿದ್ದೀನಿ ಎನ್ನಬೇಕು, ನೀವು ಹೇಗಿದ್ದೀರಿ ಎನ್ನಬೇಕು. ಅದಾದ ಮೇಲೆ ಹಸು. ಒಂದು, ಎರಡು, ಮೂರು. ಅವಳ ಮುಖ ಬಾಡಿತು. ರಿಸೀವರನ್ನು ಸ್ನೇಹಲತಾಳ ಕಿವಿಗೆ ಹಿಡಿದಳು. ಕೊಂಯ್ ಕೊಂಯ್ ಎನ್ನುತ್ತಿತ್ತು.

“ನೋಡ್ದಾ? ಮಡಗ್ಬುಟ್ರು.”

ಸ್ನೇಹಲತಾಳಿಗೆ ನಗು ಬಂತು, ತಡೆದುಕೊಂಡಳು. ಮೆಡಿಕಲ್ ಶಾಪಿನಲ್ಲಿ ತಾನು ಮೂರು ಸಲವೂ ಉಸಿರು ಬಿಡದೆ ಒಪ್ಪಿಸಿದ್ದಳು, ಸ್ಕೂಲಿನಲ್ಲಿ ಪದ್ಯ ಒಪ್ಪಿಸುವಂತೆ. ಯಂತ್ರಕ್ಕೆ ಅದೇ ಬೇಕಿತ್ತು. ಮೂರು ಸೆಕೆಂಡು ಸದ್ದಿಲ್ಲದಿದ್ದರೆ ಆಚೆಯವರು ಫೋನಿಟ್ಟರು ಎಂದು ತಿಳಿದುಕೊಂಡು ಅದು ಲೈನ್ ಕತ್ತರಿಸುತ್ತದೆ. ಎಲ್ಲೋ ತಯಾರಾಗುವಾಗಲೇ ಯಾರೋ ಹಾಗೆಂದು ನಿರ್ಧರಿಸಿ ಕಳಿಸಿದ್ದರು.

“ಕಾಯ್ಬೇಡಿ ಅಮ್ಮ. ಬೀಪ್ ಅಂದ ತಕ್ಷಣ ಹಸು ವಿಷಯ ಹೇಳ್ಬಿಡಿ.”

“ಕ್ಸೇಮ ಕೇಳ್ದೆ ಕೆಲಸ ಏಳಾಕಾಯ್ತದಾ? ನಿಮ್ಮವ್ವ ಅಂಗೇ ಕಲ್ಸವ್ಳಾ ನಿಂಗೆ?”

ಸಣ್ಣಯ್ಯ ನಕ್ಕ. ಅವಳ ಅವ್ವ ಹಾಗೆ ಕಲಿಸಿರಲಿಲ್ಲ. ಇವಳೊಬ್ಬಳಿಗೆ ಹೇಳಿಕೊಟ್ಟರೂ ಸಾಲದು. ಡೈರಿಗೆ ಹಾಲು ಹಾಕುವ ಊರುಗಳು ನಲವತ್ತು. ಊರೂರಿಗೆ ಹೋಗಿ ಜನರ ಮಾತು ತಿದ್ದುವುದಕ್ಕಿಂತ ಪೆಟ್ಟಿಗೆ ತಿದ್ದುವುದು ಸುಲಭ. ಆದರೆ ಎಷ್ಟಕ್ಕೆ ತಿದ್ದಬೇಕು? ಅವಳು ಗುರುಸಿದ್ದಮ್ಮನ ಎದುರು ಕಟ್ಟೆಯ ಮೇಲೆ ಕೂತಳು.

“ಅಮ್ಮ, ನಾನೇ ರಂಗನಾಯಕಮ್ಮ ಅಂದ್ಕಳಿ. ನನ್ನ ಕೇಳಿ.”

“ಎಂಥದ್ ಕೇಳನೇ?”

“ಫೋನಲ್ಲಿ ಕೇಳ್ತೀರಲ್ಲ, ಅದೇ.”

ಗುರುಸಿದ್ದಮ್ಮ ಸೆರಗು ಸರಿಮಾಡಿಕೊಂಡಳು. “ಚೆನ್ನಾಗಿದ್ದೀಯಾ ಮಗ?”

ಸ್ನೇಹಲತಾ ಉತ್ತರ ಕೊಡಲಿಲ್ಲ. ಕೈಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಾ ಕೂತಳು. ಬೇಕೆಂದೇ ಸುಮ್ಮನಿರುವುದು ಅವಳು ಅಂದುಕೊಂಡದ್ದಕ್ಕಿಂತ ಕಷ್ಟವಾಗಿತ್ತು. ಚೆನ್ನಾಗಿದ್ದೀನಿ ಎಂಬುದು ನಾಲಗೆಯ ತುದಿಗೆ ಬಂದು ನಿಂತಿತ್ತು. ಐದು. ಆರು. ಗುರುಸಿದ್ದಮ್ಮ ಬಗ್ಗಿ ಅವಳ ಮುಖ ನೋಡಿದಳು. ಎಂಟು. ಒಂಬತ್ತು.

“ಯಾಕ್ ಮಗ, ಮೈಗ್ ಉಸಾರಿಲ್ವಾ?”

ಒಂಬತ್ತು ಎಂದು ಅವಳು ಅಂಗೈ ಮೇಲೆ ಬರೆದುಕೊಂಡಳು. ಸಣ್ಣಯ್ಯನಿಂದಲೂ ಕೇಳಿಸಿದಳು. ಅವನದು ಆರು. ಹಿಂಡಿ ಕೊಳ್ಳಲು ಬಂದ ಒಬ್ಬ ಮುದುಕ ಹನ್ನೊಂದರವರೆಗೆ ಕಾದು, ಇವಳಿಗೆ ಕಿವಿ ಕೇಳುವುದಿಲ್ಲವೇನೋ ಎಂದು ಸಣ್ಣಯ್ಯನನ್ನು ವಿಚಾರಿಸಿದ.

ಕಚೇರಿಗೆ ಬಂದು ಇಂಗ್ಲಿಷಿನ ದಪ್ಪ ಕೈಪಿಡಿ ತೆಗೆದಳು. ಹಿಂದಿನ ದಿನ ಈ ಪುಟ ದಾಟಿಹೋಗಿದ್ದಳು. ಮೌನದ ಅವಧಿ, ಮೂರು, ಬದಲಾಯಿಸಬೇಡಿ. ಇನ್ನೊಮ್ಮೆ ಹಾಸನಕ್ಕೆ ಫೋನ್ ಮಾಡಿದಳು.

“ಹದಿನೈದಾ?” ಪಟ್ಟಾಭಿರಾಮ ಕೆಮ್ಮಿದರು. “ಒಟ್ಟು ಅರ್ಧ ಗಂಟೆ ಹಿಡಿಯುತ್ತಮ್ಮ ಆ ಕಾರ್ಡು. ಬರೀ ಮೌನಾನೇ ತುಂಬ್ಕೊಳ್ಳುತ್ತೆ.”

“ಬೆಳಿಗ್ಗೆ ಹದಿನೈದು ಫೋನ್ ಬರುತ್ತೆ ಸಾರ್. ಒಂದಕ್ಕೆ ಒಂದು ನಿಮಿಷ ಅಂದ್ರೂ ಅರ್ಧ ಜಾಗ ಉಳಿಯುತ್ತೆ.”

“ಕಂಪನಿ ಸೆಟ್ಟಿಂಗ್ ಮುಟ್ಟಿದ್ರೆ ಅವರು ಕಾರ್ಡು ವಾಪಸ್ ತಗೊಳ್ಳಲ್ಲ. ಗೊತ್ತಲ್ಲ? ನಾನು ವಿಶ್ವಾಸ್‌ಗೂ ಮುಟ್ಟೋಕೆ ಬಿಟ್ಟಿಲ್ಲ. ಕೆಟ್ಟರೆ ನಿನ್ನ ಹೆಸರೇ ಹೇಳ್ತೀನಿ.”

“ಹೇಳಿ ಸಾರ್.”

ರಂಗನಾಯಕಿ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದರು. ತಾನು ಮುನಿಸಿಕೊಂಡಿದ್ದೇನೆಂದು ಹಳೇಕೋಟೆಯಲ್ಲಿ ಮಾತಾಗಿದೆ ಎಂದು ತಿಳಿದು ಅವರಿಗೆ ಬೇಜಾರಾಗಿತ್ತು. “ನನ್ನ ಸೂಚನೇಲೇ, ನಾನು ಚೆನ್ನಾಗಿದ್ದೀನಿ ಅಂತ ಒಂದು ಮಾತು ಸೇರಿಸಿಬಿಡ್ಲಾ?”

“ಬೇಡ ಮೇಡಂ. ಎರಡು ಬದಲಾಯಿಸಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.”

ಕೋಡು ಒತ್ತಿದಳು, ಒಂದು ಐದು ಒತ್ತಿದಳು, ಉಳಿಸಿದಳು. ಪೆಟ್ಟಿಗೆ ಎರಡು ಸಲ ಬೀಪ್ ಎಂದು ಒಪ್ಪಿಕೊಂಡಿತು. ಇಡೀ ಕೆಲಸ ಹಿಡಿದದ್ದು ಒಂದು ನಿಮಿಷ. ಸಂಜೆಯ ಬಸ್ಸಿಗೆ ಊರಿಗೆ ಹೋದಳು, ಬೆಳಿಗ್ಗೆಯ ಮೊದಲ ಬಸ್ಸಿಗೆ ವಾಪಸು ಬಂದಳು.

ಎಂಟಕ್ಕೆ ಐದು ನಿಮಿಷ ಇರುವಾಗ ಚನ್ನಪ್ಪ, ವೈದ್ಯರು, ರಂಗನಾಯಕಿ ಮೂವರೂ ಸುತ್ತ ನಿಂತಿದ್ದರು. ಹದಿನಾಲ್ಕು ಸಂದೇಶಗಳಿದ್ದವು. ಸ್ನೇಹಲತಾ ಮೊದಲನೆಯದನ್ನು ಒತ್ತಿದಳು.

“ಅಲೋ... ರಂಗನಾಯಕಮ್ಮೋರೇ, ಗುರುಸಿದ್ದಮ್ಮ ಕಣ್ರವ್ವ. ಚೆನ್ನಾಗಿದ್ದೀರಾ?”

ಸದ್ದಿಲ್ಲ. ಚನ್ನಪ್ಪ ತಲೆಯಲ್ಲಾಡಿಸಿ ಏನೋ ಹೇಳಲು ಬಾಯಿ ತೆರೆದರು.

“ಇರಿ ಸಾರ್,” ಎಂದಳು ಅವಳು, ಅವರ ಕಡೆ ತಿರುಗದೆ.

ದೂರದಲ್ಲೊಂದು ಕೋಳಿ ಕೂಗಿದ್ದು ಕೇಳಿಸಿತು. ಯಾರೋ ಅಂಗಡಿಯ ಹಲಗೆ ತೆಗೆದ ಸದ್ದು. ರಂಗನಾಯಕಿಯ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರೋ, ಉತ್ತರ ಕೊಡುತ್ತಿದ್ದರೋ.

“ಊಂ. ಮಾತಾಡ್ದಿದ್ರೆ ಓಗ್ಲಿ ಬುಡಿ. ನೆನ್ನೆ ಡಾಕ್ಟ್ರು ಬರ್ನಿಲ್ಲ. ಆ ಹಸ ಬುಡಿ, ಅದ್ರ ಒತ್ತು ಮುಗೀತು. ಇವತ್ ಇನ್ನೊಂದು, ಕರೀ ಸೀಮೆಹಸ, ಕೋಳಿ ಕೂಗೋ ಒತ್ತಿಂದ ಒರಲ್ತಾ ಐತೆ, ಬೆದೆಗ್ ಬಂದೈತೆ. ಇವತ್ತೂ ಬರ್ದಿದ್ರೆ ನಾನೇ ಅದ್ನ ಒಡ್ಕಂಡು ನಿಮ್ಮ ಆಪೀಸಿಗೆ ಬತ್ತೀನಿ.”

ವೈದ್ಯರು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು ಹಳೇಕೋಟೆ ಎಂದು ಬರೆದರು. “ಮುಂದಿಂದು ಹಾಕಮ್ಮ,” ಎಂದರು.

ಹಳ್ಳಿಮೈಸೂರಿನವನು ಏಳು ಸೆಕೆಂಡು ಕಾದು ಕೆಚ್ಚಲು ಬಾವಿನ ವಿಷಯ ಹೇಳಿದ್ದ. ಒಬ್ಬಾಕೆ ಇಬ್ಬರು ಮೊಮ್ಮಕ್ಕಳ ಜ್ವರದ ವಿಷಯ ಹೇಳಿ, ಕೊನೆಗೆ ಕರು ಹಾಕಿದ ಎಮ್ಮೆಗೆ ಕಸ ಬಿದ್ದಿಲ್ಲ ಎಂದಿದ್ದಳು. ಒಬ್ಬ ಲಾರಿ ಬೇಕೆಂದು ರಾಂಗ್ ನಂಬರಿಗೆ ಮಾಡಿದ್ದ. ಇನ್ನೊಂದರಲ್ಲಿ ಬರೀ ಉಸಿರಾಟ. ಉಳಿದ ಹನ್ನೆರಡೂ ಪಟ್ಟಿಗೆ ಹೋದವು. ವೈದ್ಯರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು, “ಮೊದಲು ಹಳೇಕೋಟೆ. ಇಲ್ಲಾಂದ್ರೆ ಆಯಮ್ಮ ನಿಜವಾಗ್ಲೂ ಹಸು ಹೊಡ್ಕೊಂಡು ಬರ್ತಾಳೆ,” ಎಂದು ಓಡುನಡಿಗೆಯಲ್ಲಿ ಜೀಪಿಗೆ ಹೋದರು.

ಚನ್ನಪ್ಪ ಸ್ವಲ್ಪ ಹೊತ್ತು ಪೆಟ್ಟಿಗೆಯ ಹಸಿರು ದೀಪ ನೋಡುತ್ತಾ ನಿಂತರು. “ಏನ್ ಮಾಡಿದ್ರಿ ಅದಕ್ಕೆ?”

“ಕಾಯೋದು ಕಲಿಸ್ದೆ ಸಾರ್.”

“ಹೂಂ.” ಅವರು ಕುರ್ಚಿ ಎಳೆದುಕೊಂಡು ಕೂತರು. “ಅರಕಲಗೂಡು ಆಫೀಸಿಗೂ ಇಂಥದ್ದೊಂದು ಹಾಕಿಸ್ಬೇಕು ಅಂತವ್ರೆ. ನಿಮ್ಮ ಯಜಮಾನರಿಗೆ ಏಳಿ, ಯಾರನ್ನಾದ್ರೂ ಕಳಿಸ್ಲಿ.”

“ಯಾರನ್ನಾದ್ರೂ ಯಾಕೆ ಸಾರ್? ನಾನೇ ಬರ್ತೀನಿ.”

ಚನ್ನಪ್ಪ ಬೇಡ ಎನ್ನಲಿಲ್ಲ. ಕೆಲಸ ಮುಗಿದ ಬಗ್ಗೆ ಸಹಿ ಮಾಡಬೇಕಾದ ಪುಸ್ತಕವನ್ನು ಅವಳು ಬ್ಯಾಗಿನಿಂದ ತೆಗೆದಳು. ಮೂರು ಪ್ರತಿ, ನಡುವೆ ಎರಡು ಕಾರ್ಬನ್ ಹಾಳೆ. ಬಿಳಿಯದು ಗಿರಾಕಿಗೆ, ಹಳದಿಯದು ಅಂಗಡಿಗೆ, ಗುಲಾಬಿಯದು ಕೆಲಸ ಮಾಡಿದವರಿಗೆ. ಚನ್ನಪ್ಪ ಸಹಿ ಗೀಚಿ ಪುಸ್ತಕವನ್ನು ಅವಳತ್ತ ತಳ್ಳಿದರು. ಎಂಜಿನಿಯರ್ ಎಂದಿದ್ದ ಗೆರೆಯ ಮೇಲೆ ಅವಳು ತನ್ನ ಹೆಸರನ್ನು ಪೂರ್ತಿಯಾಗಿ, ಅಪ್ಪನ ಹೆಸರಿನ ಅಕ್ಷರ ಸಮೇತ, ಪೆನ್ನನ್ನು ಒತ್ತಿ ಒತ್ತಿ ಬರೆದಳು. ಮೇಲಿನ ಎರಡು ಹಾಳೆ ಎತ್ತಿ, ಕಾರ್ಬನ್ ಸರಿಸಿ, ಗುಲಾಬಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಚನ್ನಪ್ಪನವರ ಸಹಿ ಮಸುಕಾಗಿ ಒಂದು ಗೀಟಿನಂತೆ ಕಂಡಿತು. ಅದರ ಕೆಳಗಿನದು ಒಂದಕ್ಷರವೂ ಬಿಡದಂತೆ ಮೂಡಿತ್ತು.