ಕತ್ತಲಲ್ಲಿ ಹೂಂಗುಟ್ಟಿದವರು

ಸಂಜೆಗೆ ಪ್ರದರ್ಶನ. ಮಧ್ಯಾಹ್ನ ಅಡುಗೆಮನೆಯಲ್ಲಿ ಅಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರ ಬಗ್ಗೆ ವರ್ಷಗಟ್ಟಲೆ ಒಬ್ಬಳೇ ಕ್ಯಾಮೆರಾ ಹೊತ್ತು ಮಾಡಿದ ಸಾಕ್ಷ್ಯಚಿತ್ರ. ಬೆಡ್‌ಶೀಟಿನಲ್ಲಿ ಉಳಿದಿದ್ದ ಸೂಜಿ ಚುಚ್ಚಿಸಿಕೊಂಡು ಹಿಂದೊಮ್ಮೆ ಹಾಸಿಗೆ ಹಿಡಿದಿದ್ದವಳೊಬ್ಬಳ ಮಾತೇ ಅದರ ಜೀವ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂದು ಅವಳನ್ನು ಬೆನ್ನ ಕಡೆಯಿಂದಷ್ಟೇ ಹಿಡಿದಿದ್ದೆ, ದನಿಯನ್ನೂ ಬದಲಿಸಿದ್ದೆ.

ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು. "ಇವಳು ನಮ್ಮ ಗಿಡ್ಡಿ ಅಲ್ವೇನೇ?"

ಗಿಡ್ಡಿ ಅಮ್ಮನ ತಂಗಿ, ನನ್ನ ಚಿಕ್ಕಮ್ಮ. ಅವಳೇ ಇವಳೆಂದು ಅಮ್ಮನಿಗೂ ಹೇಳಿರಲಿಲ್ಲ.

"ಹೇಗೆ ಗೊತ್ತಾಯ್ತು?"

"ಗದ್ದದಡಿ ಸಿಕ್ಕಿಸ್ಕೊಂಡು ಬೆಡ್‌ಶೀಟ್ ಮಡಚೋಳು ಇನ್ಯಾರಿದಾರೆ? ದನಿನ ಕಪ್ಪೆ ಥರ ಮಾಡಿಟ್ಟಿದೀಯ, ಆದ್ರೂ ಮಾತುಮಾತಿಗೆ ಆ 'ನೋಡ್ಕೊ ಮತ್ತೆ' ಹೋಗಿಲ್ಲ. ಅವಳ ಸೂಪರ್‌ವೈಸರ್‌ಗೇನು ಕಣ್ಣು ಕಿವಿ ಇಲ್ವಾ?"

ಒಗೆಯುವವರೂ ಒಗೆಸುವವರೂ ನೋಡಲಿ ಎಂದು ಆ ಸೂಪರ್‌ವೈಸರನ್ನು ಸಂಜೆಯ ಪ್ರದರ್ಶನಕ್ಕೆ ಕರೆದವಳೂ ನಾನೇ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ನಿನ್ನ ಭಾಗ ತೆಗೆದುಬಿಡ್ಲಾ?"

"ನನ್ನ ತೆಗಿ. ಸೂಜಿ ವಿಷಯ ತೆಗೀಬೇಡ. ಅದಿಲ್ದಿದ್ರೆ ನಿನ್ನ ಸಿನಿಮಾದಲ್ಲಿ ಇನ್ನೇನಿದೆ, ಬರೀ ಬಕೆಟ್ಟು. ನೋಡ್ಕೊ ಮತ್ತೆ."

ಸಭಾಂಗಣದ ಎರಡನೇ ಸಾಲಿನಲ್ಲಿ ಸೂಪರ್‌ವೈಸರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹಿಂದಿನ ಸಾಲುಗಳ ತುಂಬ ಬಟ್ಟೆ ಒಗೆಯುವ ಹೆಂಗಸರು, ಅವರ ನಡುವೆ ಚಿಕ್ಕಮ್ಮ. ಅವಳ ಭಾಗ ಬರುವ ಹೊತ್ತಿಗೆ ಪರದೆ ಕಪ್ಪಾಯಿತು. ಅಲ್ಲಿ ನಾನು ಉಳಿಸಿದ್ದು ಬರೀ ಕತ್ತಲು; ಸೂಜಿಯ ವಿಷಯ ನಾನೇ ಹೇಳಬೇಕಿತ್ತು. ಎದ್ದು ನಿಂತೆ.

"ಒಂದೂರಲ್ಲಿ ಒಬ್ಬಳಿದ್ದಳಂತೆ. ದಿನಾ ಒಂದು ಬಿಳೀ ಬೆಟ್ಟ ಒಗೀತಿದ್ದಳಂತೆ..."

"ಯಾರಮ್ಮ ಅವಳು?" ಸೂಪರ್‌ವೈಸರ್ ಕೂಗಿದ. "ಹೆಸರು ಹೇಳಿ! ನಮ್ಮಲ್ಲಿ ಅಂಥೋರು ಯಾರಿದಾರೆ?"

ನಾನು ಕಥೆ ನಿಲ್ಲಿಸಿದೆ. ಚಿಕ್ಕಂದಿನಲ್ಲಿ ಕೇಳುವವರು ಹೂಂಗುಟ್ಟದಿದ್ದರೆ ಅಜ್ಜಿಯ ಕಥೆಯೂ ಹೀಗೇ ಅಲ್ಲೇ ನಿಲ್ಲುತ್ತಿತ್ತು. ರಾಜಕುಮಾರ ಮರದ ಮೇಲೇ, ಹುಲಿ ಕೆಳಗೇ.

ಹಿಂದಿನಿಂದ ಬಂತು: "ಹೂಂ."

ಅದೇ ಅಜ್ಜಿಯ ಮಡಿಲಲ್ಲಿ ಹೂಂಗುಟ್ಟಿ ಬೆಳೆದ ಗಂಟಲು, ಚಿಕ್ಕಮ್ಮನದು. ಸೂಪರ್‌ವೈಸರ್ ತಟ್ಟನೆ ಎದ್ದು ಮೊಬೈಲಿನ ಬೆಳಕನ್ನು ಆ ಕಡೆ ತಿರುಗಿಸಿದ. ಅದು ಅಲ್ಲಿ ಮುಟ್ಟುವ ಮೊದಲೇ ಮತ್ತೊಂದು ಮೂಲೆಯಿಂದ "ಹೂಂ." ಬೆಳಕು ಅತ್ತ ಹೊರಳಿತು. ಇತ್ತಲಿಂದ ಇನ್ನೊಂದು. "ಹೂಂ, ಆಮೇಲೆ?" ಬೆಳಕು ಬಿದ್ದ ಬಾಯೆಲ್ಲ ಹೂಂಗುಟ್ಟತೊಡಗಿತು.

ಕೊನೆಗದು ಚಿಕ್ಕಮ್ಮನ ಮುಖದ ಮೇಲೆ ನಿಂತಿತು. ಆ 'ನೋಡ್ಕೊ ಮತ್ತೆ' ಅವಳ ತುಟಿಯ ತುದಿಗೆ ಬಂದದ್ದು ನನಗೆ ಕಂಡಿತು. ಹೇಳಬೇಡ, ಹೇಳಬೇಡ.

ಅವಳು ನುಂಗಿಕೊಂಡಳು. "ಹೂಂ," ಎಂದಳು, ಎಲ್ಲರಂತೆ.

ಬೆಳಕು ಮುಂದಕ್ಕೆ ಹೋಯಿತು.

"ಆ ಬೆಟ್ಟದೊಳಗೆ," ಎಂದೆ, "ಒಂದು ಸೂಜಿ ಇತ್ತಂತೆ."